ಕೈಗೆ ಬಂದ ಆರತಿ ತಟ್ಟೆ

ಅಮೆರಿಕದ ಕರ್ಕ್‌ಲ್ಯಾಂಡಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಧಾರವಾಡದ ಹೆಣ್ಣುಮಗಳು ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಹಿಂದೆ ಹಾರ್ಮೋನ್ ಇಂಜೆಕ್ಷನ್ ಇಟ್ಟಿರುತ್ತಿದ್ದಳು. ಸಂಜೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ತಾನೇ ಚುಚ್ಚಿಕೊಂಡು, ಆಮೇಲೆ ಒಗ್ಗರಣೆಗೆ ಇಡುವಳು. ನೋವಾಯಿತೇ ಎಂದರೆ, "ಇರ್ಲಿ ಬಿಡ್ರಿ" ಎನ್ನುವಳು.

ಕೊರತೆಯಿದ್ದದ್ದು ಗಂಡನಲ್ಲಿ. ಆದರೂ ಐವಿಎಫ್‌ಗೆ ಸೂಜಿ ಚುಚ್ಚಿಕೊಳ್ಳಬೇಕಾದವಳು ಹೆಂಡತಿ. ಯಾರಿಗೂ ಹೇಳಬೇಡವೆಂದು ಅವನು ಮಾತು ತೆಗೆದುಕೊಂಡಿದ್ದ. ಆಕೆ ಹೇಳಿದ್ದು ನನಗೊಬ್ಬಳಿಗೆ.

ಪಕ್ಕದೂರು ಬೆಲ್ವ್ಯೂದಲ್ಲಿ ಗೆಳತಿಯೊಬ್ಬಳ ಕುಬಸವಿತ್ತು. ಬಸುರಿ ಹಸಿರು ಸೀರೆಯುಟ್ಟು ಕೂತಿದ್ದಳು. ಈಕೆ ಆರತಿ ತಟ್ಟೆ ಎತ್ತಿಕೊಂಡಾಗ ಬಸುರಿಯ ಅತ್ತೆ ಅದನ್ನು ಮೆಲ್ಲಗೆ ಕಸಿದುಕೊಂಡರು.

"ನೀ ಬ್ಯಾಡವಾ, ಮಕ್ಕಳಾದವ್ರು ಮಾಡ್ಲಿ."

"ಇರ್ಲಿ ಬಿಡ್ರಿ," ಎಂದಳು ಈಕೆ.

ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಬಾಯಿಗೆ ಬಂದಿತ್ತು. ಆಕೆ ನನ್ನ ಮೊಣಕೈ ಹಿಡಿದು ಅದುಮಿದಳು.

ಊಟದ ಹೊತ್ತಿಗೆ ಅದೇ ಅತ್ತೆ ಈಕೆಯ ಗಂಡನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದರು. "ಭಾಳ ತಾಳ್ಮಿ ಅದಪಾ ನಿನಗ. ಬ್ಯಾರೇದವ್ರಾಗಿದ್ರ ಯಾವಾಗೋ ಇನ್ನೊಂದು ಮದವಿ ಆಗ್ತಿದ್ರು."

ಹೆಂಡತಿ ನೀರಿನ ಜಗ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಅವನು ತಲೆ ಎತ್ತದೆ, "ಸ್ವಲ್ಪ ತುಪ್ಪ ಹಾಕ್ರಿ," ಎಂದ.