ಮೂಗಿನಲ್ಲಿ ಮೂಳೆ ಇದ್ದ ಸೂಲ್ವೈ

ಸಂತೆಯಲ್ಲಿ ಮೀನು ಮಾರುತ್ತಿದ್ದ ಸೂಲ್ವೈ ಬೆಲೆಯನ್ನು ಒಂದೇ ಸಲ ಹೇಳುತ್ತಿದ್ದರು. ಎರಡನೇ ಸಲ ಕೇಳಿದರೆ ಮಾತಿಲ್ಲ. ಮೀನಿನ ಎಣ್ಣೆ ಹತ್ತಿದ ತೋರುಬೆರಳು ಬೆಲೆ ಬರೆದ ಹಲಗೆಯ ಕಡೆ ಹೋಗುತ್ತಿತ್ತು. ಮೂರನೇ ಸಲ ಕೇಳಿದರೆ ನಿಮ್ಮ ಹಿಂದೆ ನಿಂತವರನ್ನು ಮಾತಾಡಿಸುತ್ತಿದ್ದರು, ನೀವು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ.

ನಾನು ಮೂರನೇ ಸಲ ಕೇಳಿದವಳು. ಮೀನಿಗಲ್ಲ, ನಾವು ಮೀನು ತಿನ್ನದ ಜನ. ಅವರು ಹೆಣೆದು ವ್ಯಾನಿಗೆ ತೂಗುಹಾಕಿದ್ದ ಉಲ್ಲನ್ ಟೋಪಿಗಳಿಗೆ. ಚಿಕ್ಕಪೇಟೆಯಲ್ಲಿ ಅಂಗಡಿಯಿಂದ ಎದ್ದು ಹೊರಟಂತೆ ಮಾಡಿ, ಮೂರನೇ ಮೆಟ್ಟಿಲು ಇಳಿಯುವಷ್ಟರಲ್ಲಿ ವಾಪಸ್ ಕರೆಸಿಕೊಂಡು ಸೀರೆ ತಂದವಳು ನಾನು. ಇಲ್ಲೂ ಹೊರಟಂತೆ ಮಾಡಿದೆ. ಕಾರಿನವರೆಗೂ ಹೋದೆ. ಯಾರೂ ಕರೆಯಲಿಲ್ಲ. ತಿರುಗಿ ಬಂದು, ಹೇಳಿದ ಬೆಲೆಗೇ ಎರಡು ಟೋಪಿ ತಗೊಂಡೆ.

ಐರ್ಲೆಂಡಿನ ಅತ್ಲೋನ್‌ನಲ್ಲಿ ನಮ್ಮ ಮನೆ. ಅಲ್ಲಿಂದ ಅರ್ಧ ಗಂಟೆ ದೂರದ ಒಂದು ಸಣ್ಣ ಊರಿನಲ್ಲಿ ಶನಿವಾರದ ಸಂತೆ. ನಮ್ಮನೆಯವರ ಕೆಲಸದ ಪರ್ಮಿಟ್ಟಿನ ವರ್ಷಗಳೆಲ್ಲ ಮುಗಿದು, ನನಗೂ ಸ್ವಂತ ವ್ಯಾಪಾರದ ಹಕ್ಕು ಸಿಕ್ಕಿದ ಮೇಲೆ ಅಲ್ಲಿ ದೋಸೆ ಅಂಗಡಿ ಹಾಕಿದೆ. ಗೇಟಿನ ಎದುರಿಗೇ, ಮೊದಲ ಸಾಲಿನಲ್ಲಿ ಜಾಗ. ಪಕ್ಕದಲ್ಲಿ ಸೂಲ್ವೈ ಅವರ ಹೊಗೆ ಹಾಕಿದ ಮೀನಿನ ವ್ಯಾನು. ಮೊದಲ ತಿಂಗಳು ಮೂಗಿಗೆ ದುಪಟ್ಟಾ ಸುತ್ತಿಕೊಂಡೇ ಹಿಟ್ಟು ಹುಯ್ದೆ.

ಸೂಲ್ವೈ ನಾರ್ವೆಯವರು. ಐರಿಷ್ ನಾವಿಕನನ್ನು ಮದುವೆಯಾಗಿ ಬಂದು, ಆತ ತೀರಿಕೊಂಡ ಮೇಲೂ ಇಲ್ಲೇ ಉಳಿದವರು. ಎಪ್ಪತ್ತರ ಹತ್ತಿರದ ವಯಸ್ಸು, ಗಂಡನ ಹಳೆಯ ಕೋಟು, ಬಾಗಿಲಿನಷ್ಟು ಅಗಲದ ಬೆನ್ನು. ಬೆಳಿಗ್ಗೆ ಫ್ಲಾಸ್ಕಿನ ಕಪ್ಪು ಕಾಫಿ ಕೊಡುತ್ತಿದ್ದರು. ಬೇಕಾ ಅಂತ ಕೇಳುವ ಪದ್ಧತಿ ಇಲ್ಲ. ನನ್ನ ಚಟ್ನಿ ತಿಂದು, "ಖಾರ ಜಾಸ್ತಿ," ಅಂದರು. ಮುಂದಿನ ವಾರವೂ ತಿಂದು ಅದನ್ನೇ ಅಂದರು. ತಿನ್ನುವುದನ್ನು ಮಾತ್ರ ಬಿಡಲಿಲ್ಲ.

ಹೀಗಿರುವಾಗ ಸಂತೆ ನಡೆಸುವ ಡೆಕ್ಲನ್ ಒಂದು ಶನಿವಾರ ಕೈ ಹೊಸೆದುಕೊಂಡು ಬಂದ. ಮೃದು ಮನುಷ್ಯ. ಹವಾಮಾನ ಮಾತಾಡಿದ, ನನ್ನ ಮಗಳು ಹೇಗಿದ್ದಾಳೆ ಅಂತ ವಿಚಾರಿಸಿದ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದ. ನನ್ನ ಒಗ್ಗರಣೆಯ ವಾಸನೆ ನಮ್ಮ ಸಾಲಿನ ಕೇಕ್ ಅಂಗಡಿಯವರಿಗೆ ಕಷ್ಟವಾಗುತ್ತಿದೆಯಂತೆ. ಹಿಂದಿನ ಸಾಲಿಗೆ, ಕಸದ ಡಬ್ಬಗಳ ಹತ್ತಿರ ಹೋದರೆ ಎಲ್ಲರಿಗೂ 'ಗ್ರ್ಯಾಂಡ್', ಅಂದರೆ ಅಲ್ಲಿಯವರ ಮಾತಿನಲ್ಲಿ ಅನುಕೂಲ.

ಆ ಊರಿನವರು ದೋಸೆಯನ್ನು ಹುಡುಕಿಕೊಂಡು ಬರುವುದಿಲ್ಲ. ಕಣ್ಣಿಗೆ ಬಿದ್ದರೆ ವ್ಯಾಪಾರ, ಇಲ್ಲದಿದ್ದರೆ ಇಲ್ಲ. ಹಿಂದಿನ ಸಾಲಿಗೆ ಹೋಗುವುದೂ ಒಂದೇ, ಬಾಗಿಲು ಹಾಕುವುದೂ ಒಂದೇ. ನನಗದು ಗೊತ್ತು. ಆದರೆ ಕೈ ಬಿಡದ ಅಭ್ಯಾಸ, ಚೌಕಾಸಿಗೆ ಇಳಿದೆ. ತಿಂಗಳಿಗೆ ಎರಡು ವಾರ ಹಿಂದೆ, ಎರಡು ವಾರ ಮುಂದೆ ಅನ್ನುವಲ್ಲಿಗೆ ಎಳೆದು ತಂದೆ. ಡೆಕ್ಲನ್ ಖುಷಿಯಾಗಿ ಹೋದ. ನಾನೂ ಗೆದ್ದವಳ ಹಾಗೆ ಸೂಲ್ವೈ ಕಡೆ ನೋಡಿದೆ.

ನನ್ನ ಚಿಕ್ಕಪೇಟೆ ಸೀರೆಯ ಕಥೆ ಕೇಳಿದ್ದ ಅವರು ಚಾಕು ಕೆಳಗಿಟ್ಟರು. "ನಿನ್ನ ಸೀರೆ ಕದ್ದವನ ಹತ್ರ ಅರ್ಧ ಸೀರೆ ವಾಪಸ್ ಇಸ್ಕೊಂಡು ನಗ್ತಿದ್ದೀಯಲ್ಲ, ವಸಾಂತಾ."

ವಸಂತಾ ಅನ್ನಲು ಅವರಿಗೆ ಕೊನೆಗೂ ಬರಲಿಲ್ಲ. ನಾನು ಸಮಜಾಯಿಷಿ ಕೊಟ್ಟೆ: ಹೊಂದಿಕೊಂಡು ಹೋಗಬೇಕು, ನಾವು ಹೊರಗಿನವರು, ಪರವಾಗಿಲ್ಲ ಬಿಡಿ. ಅವರು ನನ್ನ ಮೂಗುತಿಯ ಕಡೆ ಬೆರಳು ತೋರಿಸಿದರು.

"ಅಲ್ಲಿ ಕಲ್ಲು ಇಟ್ಕೊಂಡಿದ್ದೀಯ. ಮೂಳೆ ಎಲ್ಲಿ?"

ಅವರ ಭಾಷೆಯಲ್ಲಿ 'ಬೇನ್ ಇ ನೇಸಾ' ಅನ್ನುತ್ತಾರಂತೆ, ಮೂಗಿನಲ್ಲಿ ಮೂಳೆ. ತನ್ನ ಪರವಾಗಿ ತಾನೇ ನಿಲ್ಲಬಲ್ಲವರಿಗೆ, ಯಾರಿಗೂ ಬಗ್ಗದವರಿಗೆ ಅದಿದೆ ಅನ್ನುವುದು. ನನಗೆ ನಗು ಬಂತು. ನಮ್ಮಲ್ಲಿ ಮೂಗು ಅಂದರೆ ಮೂಗುದಾರ ಹಾಕುವ ಜಾಗ. ಮನೆಗೆ ಹೋಗಿ ಕನ್ನಡಿ ಮುಂದೆ ಮೂಗು ಒತ್ತಿ ನೋಡಿಕೊಂಡೆ. ಮೇಲೆ ಗಟ್ಟಿ, ಕೆಳಗೆ ಬರೀ ಮೆತ್ತಗೆ. "ಏನ್ ಮಾಡ್ತಿದ್ದೀಯ?" ಅಂದರು ನಮ್ಮನೆಯವರು. ಮೂಳೆ ಹುಡುಕ್ತಿದ್ದೀನಿ ಅಂದೆ.

ಆ ತಿಂಗಳ ಕೊನೆಗೆ ಚರ್ಚಿನ ಹಾಲ್‌ನಲ್ಲಿ ಸಂತೆಯವರ ಮೀಟಿಂಗ್. ನನ್ನ ಜಾಗದ ಮಾತು ಬಂದ ಕೂಡಲೇ ಸೂಲ್ವೈ ಎದ್ದು ನಿಂತರು. ಅವರು ಬಾಯಿ ತೆರೆದರೆ ಕೆಲಸ ಆದಂತೆಯೇ. ಡೆಕ್ಲನ್‌ಗೆ ಅವರೆಂದರೆ ಭಯ. ಆದರೆ ನನಗೆ ಅನಿಸಿತು, ಇವರು ಉಳಿಸಿಕೊಟ್ಟ ಜಾಗ ಇವರು ಇರುವವರೆಗೆ ಮಾತ್ರ ನನ್ನದು. ಕೋಟು ಹಿಡಿದು ಜಗ್ಗಿದೆ.

"ಕೂತ್ಕೊಳ್ಳಿ. ಇದು ನನ್ನ ಮೂಗು."

ಅವರು ಕೂತರು. ನಾನು ಎದ್ದೆ. ಮೀನಿನ ವಾಸನೆ ಮುಂದಿನ ಸಾಲಲ್ಲಿ ಇರಬಹುದಾದರೆ ಒಗ್ಗರಣೆಯದೂ ಇರಬಹುದು, ಮೊದಲು ಒಪ್ಪಿದ್ದು ನನ್ನ ತಪ್ಪು, ಇನ್ನು ಎಲ್ಲಾ ಶನಿವಾರ ನನ್ನ ಜಾಗದಲ್ಲೇ ಇರುತ್ತೇನೆ ಅಂದೆ. ಡೆಕ್ಲನ್ ತಲೆ ಕೆರೆದುಕೊಂಡು, ಮೂರು ವಾರ ಮುಂದೆ, ಒಂದೇ ವಾರ ಹಿಂದೆ ಆಗಬಹುದಾ ಅಂದ. ಮೂರು ಅಂದಾಗ ನನ್ನ ಬಾಯಲ್ಲಿ ನೀರೂರಿದ್ದು ಸುಳ್ಳಲ್ಲ. ಎಂಥ ಒಳ್ಳೆಯ ವ್ಯಾಪಾರ! ತುಟಿ ಬಿಗಿದು, ಇಲ್ಲ ಅಂತ ತಲೆಯಾಡಿಸಿದೆ. ಯಾರೋ ಕೆಮ್ಮಿದರು. ಕೇಕಿನವಳು ಕಿಟಕಿ ನೋಡಿದಳು. ಕೊನೆಗೆ ಡೆಕ್ಲನ್ನೇ, ಸರಿ ಹಾಗಾದ್ರೆ, ಇದ್ದ ಹಾಗೇ ಇರಲಿ ಅಂದ.

ಹೊರಗೆ ಬಂದಾಗ ಸೂಲ್ವೈ ಹೊಗಳುತ್ತಾರೆ ಅಂದುಕೊಂಡೆ. ಅವರು ಕೋಟಿನ ಅಂಚು ತೋರಿಸಿ, "ಗುಂಡಿ ಕಿತ್ತಿದ್ದೀಯ. ಹೊಲಿದುಕೊಡು," ಅಂದರು. ಅಲ್ಲೇ ಬೀದಿದೀಪದ ಕೆಳಗೆ ಕೋಟು ಬಿಚ್ಚಿ ನನ್ನ ಕೈಗಿಟ್ಟು, ಆ ಚಳಿಯಲ್ಲಿ ಸ್ವೆಟರ್‌ನಲ್ಲೇ ವ್ಯಾನ್ ಹತ್ತಿದರು. ಕಿಟಕಿಯಲ್ಲಿ ಕಂಡ ಮುಖದಲ್ಲಿ ನಗು ಇತ್ತು. ಅಷ್ಟು ದಿನದಲ್ಲಿ ಮೊದಲ ಸಲ.

ವ್ಯಾಪಾರಕ್ಕೆ ಇಳಿಯುವವರಿಗೆ ಒಂದು ಮಾತು ಹೇಳುತ್ತೇನೆ, ಬೇಕಾದರೆ ಇಟ್ಟುಕೊಳ್ಳಿ. ಇನ್ನೊಬ್ಬರ ವಸ್ತುವಿಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ನಿಮ್ಮದೇ ವಸ್ತುವಿಗೆ ಮಾಡಬೇಡಿ. ಇಷ್ಟು ಕಲಿಯಲು ನನಗೆ ನಲವತ್ತು ದಾಟಬೇಕಾಯಿತು, ಒಬ್ಬ ಮೀನಿನ ಮುದುಕಿ ಬೇಕಾಯಿತು.

ಹೋದ ವರ್ಷ ಅವರ ಮಂಡಿ ಕೈಕೊಟ್ಟಿತು. ವ್ಯಾನು ಮಾರಿ, ನಾರ್ವೆಯಲ್ಲಿ ತಂಗಿಯ ಊರಿಗೆ ಹೊರಟರು. ಕೊನೆಯ ಶನಿವಾರ ನನ್ನ ದೋಸೆ ತಿನ್ನುತ್ತಾ, ಸೋಮವಾರದ ವಿಮಾನ ಅಂದರು. ಡಬ್ಲಿನ್‌ವರೆಗೆ ನಾನೇ ಕಾರಲ್ಲಿ ಬಿಡ್ತೀನಿ ಅಂದೆ.

"ಬೇಡ. ನೀನು ಅಳ್ತೀಯ. ನಾನು ಅದನ್ನ ನೋಡ್ಬೇಕಾಗುತ್ತೆ."

ತಟ್ಟೆ ಕೊಟ್ಟು, ಕೈ ಒರೆಸಿಕೊಂಡು, ಕುಂಟುತ್ತಾ ಗೇಟು ದಾಟಿದರು. ತಿರುಗಿ ನೋಡಲಿಲ್ಲ. ನಾನು ಅತ್ತಿದ್ದನ್ನು ಕೇಕಿನವಳು ನೋಡಿದಳು.

ಅವರ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಆ ವ್ಯಾನು ಇಷ್ಟು ವರ್ಷ ನನಗೆ ಗೋಡೆಯಾಗಿತ್ತು ಅನ್ನುವುದು ಈಗ ತಿಳಿಯುತ್ತಿದೆ. ಶ್ಯಾನನ್ ನದಿಯ ಕಡೆಯ ಗಾಳಿ ಆ ಖಾಲಿಯಿಂದ ನೇರ ನುಗ್ಗಿ, ಕಾವಲಿಯ ಕೆಳಗಿನ ಉರಿಯನ್ನೇ ಮಲಗಿಸುತ್ತದೆ. ಮೊನ್ನೆ ನಾಲ್ಕನೇ ಸಲ ಕಡ್ಡಿ ಗೀರುತ್ತಿದ್ದಾಗ ಡೆಕ್ಲನ್ ಬಂದ. ಪಾಪ, ಈ ಸಲ ನಿಜವಾದ ಕಾಳಜಿಯಿಂದಲೇ ಕೇಳಿದ: ಹಿಂದಿನ ಸಾಲಲ್ಲಿ ಗಾಳಿ ಇಲ್ಲ, ಚಳಿಗಾಲ ಮುಗಿಯುವವರೆಗಾದರೂ ಹೋಗ್ತೀಯಾ?

ಬೇಡ ಅಂದೆ. ಖಾಲಿ ಜಾಗದ ಕಡೆಗೆ ಬೆನ್ನು ಅಡ್ಡ ಕೊಟ್ಟು ನಿಂತು, ಇನ್ನೊಂದು ಕಡ್ಡಿ ಗೀರಿದೆ.