ಮಂಚದ ಕೆಳಗಿನ ರೊಟ್ಟಿ ಬುಟ್ಟಿ

ಬೀಗರು ಬಂದರೆ ನಾವು ರೊಟ್ಟಿ ಬುಟ್ಟಿ ಬಚ್ಚಿಡುತ್ತೇವೆ. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಮನೆಗೆ ಹೋದರೂ ಇದೇ ಕಥೆ. ದಿನಾ ತಿನ್ನುವುದು ಸಜ್ಜೆ ರೊಟ್ಟಿ, ನಾಲ್ಕು ಜನ ನೋಡುವಾಗ ಬಿಳಿ ಅನ್ನ. ನಿಮಗೆ ಗೊತ್ತಿಲ್ಲದ್ದೇನಲ್ಲ.

ಪಕ್ಕೀರಮ್ಮನಿಗೂ ಗೊತ್ತಿತ್ತು. ಉಜ್ಜಿನಿ ದಾರಿಯ ಹಳ್ಳಿಯೊಂದರಲ್ಲಿ ಆಕೆ ಹತ್ತೊಂಬತ್ತು ವರ್ಷದಿಂದ ಅಂಗನವಾಡಿ ಕಾರ್ಯಕರ್ತೆ. ಹೋದ ವರ್ಷ ಇಲಾಖೆಯವರು ಸಿರಿಧಾನ್ಯದ ಪ್ರಚಾರವನ್ನೂ ಆಕೆಯ ಹೆಗಲಿಗೆ ಹಾಕಿ, ಕೈಗೊಂದು ಹೊಳೆಯುವ ಕರಪತ್ರ ಕೊಟ್ಟರು. ಅದರ ತುಂಬ ನವಣೆ ಪಿಜ್ಜಾದ ಚಿತ್ರ. ನವಣೆ ಬೆಳೆದವರಿಗೇ ಪಿಜ್ಜಾ ತೋರಿಸುವ ಬುದ್ಧಿ ಯಾವ ಎಸಿ ಕೋಣೆಯಲ್ಲಿ ಹುಟ್ಟಿತೋ!

ಆಕೆ ಕರಪತ್ರ ಮಡಚಿಟ್ಟಳು. ಪ್ರತಿ ಶುಕ್ರವಾರ ಓಣಿಯ ಕಟ್ಟೆಯ ಮೇಲೆ ಬಿಸಿ ರೊಟ್ಟಿ, ಪುಂಡಿಪಲ್ಲೆ, ನವಣೆ ಅನ್ನ ಇಟ್ಟು ಕರೆದಳು. ಯಾರನ್ನೂ ಬೈಯಲಿಲ್ಲ, ರೋಗದ ಹೆದರಿಕೆ ಹಾಕಲಿಲ್ಲ.

"ಮಳಿ ನೀರಿಗೇ ಬೆಳಿಯೋ ಕಾಳು, ನಮ್ಮ ಹೊಲದ್ದು. ತಿಂದು ನೋಡ್ರಿ."

ಜನ ತಿಂದರು, ಹೊಗಳಿದರು. ತೊಟ್ಟಿಲು, ಮದುವೆ ಬಂದಾಗ ಮತ್ತೆ ಅಕ್ಕಿ ಮೂಟೆಯನ್ನೇ ಇಳಿಸಿದರು. ರೊಟ್ಟಿಗೆ ನಾಚಬೇಕೆಂದು ಮಕ್ಕಳು ಕಲಿಯುವುದು ಹೀಗೆಯೇ.

ಪಕ್ಕದ ಮನೆಯ ಜಂಬಕ್ಕ ಕಟ್ಟೆಯ ಮುಂದೆಯೇ ಕೇಳಿದಳು: "ಊರಿಗೆಲ್ಲ ನವಣಿ ಹೇಳ್ತಿ. ನಿನ್ನ ಮಗಳನ್ನ ನೋಡಾಕ ಬಂದಾಗ ಏನ್ ಇಡ್ತಿ, ನೋಡ್ತೀನಿ ಬಿಡಬೇ!"

"ರೊಟ್ಟೀನ ಇಡ್ತೀನಿ. ನೀನೂ ಉಣ್ಣಾಕ ಬಾ."

ಎಲ್ಲರೆದುರು ಕೊಟ್ಟ ಮಾತು. ಅದು ತಪ್ಪಿದರೆ ಆಕೆಯ ಶುಕ್ರವಾರಗಳಿಗೆ ಇನ್ನು ಬೆಲೆಯಿಲ್ಲ.

ಫೆಬ್ರುವರಿಯಲ್ಲಿ ಹಡಗಲಿ ಕಡೆಯವರು ಹೆಣ್ಣು ನೋಡಲು ಬಂದರು. ಮಗಳು ಪ್ರಿಯಾಗೆ ಬ್ಯಾಂಕಿನಲ್ಲಿ ಕೆಲಸ, ಹುಡುಗ ಮೇಷ್ಟ್ರು. ಬೆಳಿಗ್ಗೆಯೇ ಗಂಡ ಹುಲುಗಪ್ಪ ಅಡ್ಡ ಬಂದ. "ಮಗಳ ಬಾಳೇವು ಐತಿ ಇದು. ರೊಟ್ಟಿ ಇಟ್ಟರ ಅವರು ಏನ್ ತಿಳ್ಕಂತಾರ? ನಿನ್ನ ಪ್ರಚಾರ ನಾಳಿಗಿ ಇಟ್ಕ."

ಆಕೆ ಸೋತಳು. ಅನ್ನ, ಸಾರು ಮಾಡಿದಳು. ಬುಟ್ಟಿಗೆ ಬಟ್ಟೆ ಮುಚ್ಚಿ ಮಂಚದ ಕೆಳಗೆ ತಳ್ಳಿದಳು. ಊಟಕ್ಕೆಂದು ಬಂದು ಬಾಗಿಲಲ್ಲಿ ನಿಂತಿದ್ದ ಜಂಬಕ್ಕ ಅದನ್ನು ನೋಡಿದಳು.

ಊಟಕ್ಕೆ ಕೂತಾಗ ಹುಡುಗನ ಅಜ್ಜಿ ಅನ್ನ ಮುಟ್ಟಲಿಲ್ಲ. ಅತ್ತಿತ್ತ ನೋಡಿ, ಕೈಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದಳು. ಒಳಗೆ ಎರಡು ಸಜ್ಜೆ ರೊಟ್ಟಿ.

"ತಪ್ಪು ತಿಳ್ಕಬ್ಯಾಡವ್ವ. ನನಗ ಸಕ್ಕರಿ ಕಾಯಿಲಿ ಐತಿ. ನಿಮ್ಮಂಥ ನೌಕರಿ ಮಂದಿ ಮನ್ಯಾಗ ರೊಟ್ಟಿ ಕೇಳಾಕ ನಾಚಿಕಿ ಆತು."

ಜಂಬಕ್ಕನಿಗೆ ತಡೆಯಲಾಗಲಿಲ್ಲ. "ಮಂಚದ ಕೆಳಗ ನೋಡಬೇ ಅಜ್ಜಿ, ಬುಟ್ಟಿನೇ ಐತಿ!"

ಪಕ್ಕೀರಮ್ಮ ಬಗ್ಗಿ ಬುಟ್ಟಿ ಎಳೆದಳು. ತಲೆ ಎತ್ತಲಿಲ್ಲ. ಅಜ್ಜಿಯ ನಂತರ ಹುಡುಗನೂ ಕೈ ಚಾಚಿದ, ಆಮೇಲೆ ಹುಲುಗಪ್ಪ. ಅನ್ನ ಉಳಿಯಿತು.

ಮುಂದಿನ ಶುಕ್ರವಾರ ಆಕೆ ಕಟ್ಟೆಯ ಮೇಲೆ ಹೇಳಿದ್ದು ಇದನ್ನೇ, ತನ್ನ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ. ಜನ ಬಿದ್ದು ಬಿದ್ದು ನಕ್ಕರು. ಸಂಬಂಧ ಕೂಡಿಬಂದಿದೆ, ಪ್ರಿಯಾಳ ನಿಶ್ಚಿತಾರ್ಥದ ಊಟಕ್ಕೆ ರೊಟ್ಟಿ, ನವಣೆ ಅನ್ನವೇ ಎಂದಾಗ ನಗು ನಿಂತಿತು. ಹೇಳಿದಂತೆಯೇ ಮಾಡಿದಳು. ಅದಾದ ಮೇಲೆ ಎರಡು ಮನೆಯವರು ತೊಟ್ಟಿಲ ಕಾರ್ಯಕ್ಕೆ ನವಣೆ ಬೇಯಿಸಿದ್ದಾರೆ.

ಎರಡೇ ಮನೆ. ನಿಮ್ಮದು ಅದರಲ್ಲಿಲ್ಲ. ಮುಂದಿನ ನೆಂಟರು ಬಾಗಿಲಿಗೆ ಬರುವ ಮೊದಲು ಮಂಚದ ಕೆಳಗೆ ಬಗ್ಗಿ ಆ ಬುಟ್ಟಿ ಹೊರತೆಗೆಯಿರಿ. ಮೊದಲು ರೊಟ್ಟಿ ಬಡಿಸಿ.