ನಲವತ್ತರ ಸೆಟ್ಟಿಗಾಗಿ ದಾವಣಗೆರೆಗೆ

ಮಲೇಬೆನ್ನೂರಿನಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಒಂದು ಜೊತೆ ಬಟ್ಟೆ, ರೊಟ್ಟಿ ಬುತ್ತಿ ಮತ್ತು ಹಳೇ ಪಂಚೆಯಲ್ಲಿ ಸುತ್ತಿದ ಒಂದು ಪಿಸ್ಟನ್ ಇದ್ದವು. ಹರಿಹರಕ್ಕೆ ಎಂಟಾಣೆ ಟಿಕೀಟು. ಮೇ ತಿಂಗಳ ಕೊನೆ. ಮೋಡ ಕಟ್ಟುತ್ತಿತ್ತು, ಹನಿ ಮಾತ್ರ ಬೀಳುತ್ತಿರಲಿಲ್ಲ. ಬಸ್ಸಿನೊಳಗೆ ಎಲ್ಲರೂ ಬೆವರೊರೆಸಿಕೊಳ್ಳುತ್ತ ಕೂತಿದ್ದರು.

ನಮ್ಮದು ಯುದ್ಧಕ್ಕಿಂತ ಮುಂಚಿನ ಚಿಕ್ಕ ವಿಲಾಯತಿ ಟ್ರ್ಯಾಕ್ಟರ್. ಯಾರೋ ತೋಟದವರು ಮಾರಿದ್ದನ್ನು ಅಣ್ಣ ತಂದಿದ್ದ. ಅಣ್ಣನಿಗೆ ಬಲಗಾಲು ಮೊಣಕಾಲಿನಿಂದ ಕೆಳಗಿಲ್ಲ. ನೇಗಿಲ ಹಿಂದೆ ನಡೆಯಲಾರದವನು, ಬ್ರೇಕು ಕೈಗೆಟುಕುವಂತೆ ಕಬ್ಬಿಣದ ಪಟ್ಟಿ ಬೆಸೆಸಿಕೊಂಡು, ನಾಲ್ಕು ವರ್ಷ ತನ್ನ ಹೊಲವನ್ನು ತಾನೇ ಉತ್ತಿದ್ದ. ಆ ನಾಲ್ಕು ವರ್ಷ ಅವನು ಮನೆಯಲ್ಲಿ ಯಾರ ಮೇಲೂ ರೇಗಿದ್ದನ್ನು ನಾನು ಕಾಣೆ. ಈ ಯುಗಾದಿಯ ಹೊತ್ತಿಗೆ ರಿಂಗು ಮುರಿದು ಪಿಸ್ಟನ್ನುಗಳು ಗೀರಿಹೋದವು. ಎಂಜಿನ್ನನ್ನು ಗಾಡಿಯಲ್ಲಿ ಹರಿಹರದ ಪಕ್ಕದ ಗುತ್ತೂರಿನ ಮೇಸ್ತ್ರಿಗೆ ಕಳಿಸಿದ್ದೆವು. ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಎಲ್ಲ ಸೇರಿದ ಹೊಸ ಸೆಟ್ಟನ್ನು ದಾವಣಗೆರೆಯಲ್ಲಿ ಕೊಂಡು, ಮಳೆ ಬೀಳುವುದರೊಳಗೆ ನಾನು ಅಲ್ಲಿಗೆ ಮುಟ್ಟಿಸಬೇಕಿತ್ತು.

"ಕಳಪೆ ಮಾಲು ಮಾತ್ರ ತರಬ್ಯಾಡ, ನೋಡಿ ತಗೊ," ಎಂದಿದ್ದ ಅಣ್ಣ. ಹೈಸ್ಕೂಲು ಮುಗಿಸಿ ಇಂಗ್ಲಿಷ್ ಪೇಪರು ಓದುವ ನನಗೆ ಇದನ್ನೂ ಹೇಳಿಕೊಡಬೇಕೇ ಅನಿಸಿತು.

ಹರಿಹರದಿಂದ ರೈಲಿನಲ್ಲಿ ಒಂಬತ್ತು ಮೈಲಿ. ದಾವಣಗೆರೆಯಲ್ಲಿ ಇಳಿದಾಗ ಗಿರಣಿಗಳ ಹೊಗೆ ಮೋಡದ ಕೆಳಗೇ ನಿಂತಿತ್ತು, ಹತ್ತಿಯ ಎಳೆ ಮೂಗಿಗೆ ಬರುತ್ತಿತ್ತು. ಬೆಣ್ಣೆ ದೋಸೆ ತಿಂದು ಬಿಡಿಭಾಗದ ಅಂಗಡಿಗಳನ್ನು ಸುತ್ತತೊಡಗಿದೆ. ಒಂದು ಕಡೆ ತೋರಿಸಿದ ರಿಂಗನ್ನು ಬೆರಳಲ್ಲಿ ಸ್ವಲ್ಪ ಹಿಗ್ಗಿಸಿದೆ. ಪಟ್ಟನೆ ಎರಡು ತುಂಡಾಯಿತು. ಅಂಗಡಿಯವನು ಮುಖ ಕೆಡಿಸಿಕೊಳ್ಳಲಿಲ್ಲ. "ಎಂಜಿನ್ ಒಳಗೆ ಹೋದ್ಮ್ಯಾಲೆ ಅದನ್ನ ಯಾರು ಹಿಗ್ಗಿಸ್ತಾರ್ರಿ?" ಎಂದ. ಇನ್ನೊಂದು ಕಡೆ ಹಳೇ ಬೇರಿಂಗನ್ನೇ ಉಜ್ಜಿ, ಹೊಸ ಕಾಗದದಲ್ಲಿ ಸುತ್ತಿಟ್ಟಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ನನಗೆ ಊರಿನ ಮೇಲೆಯೇ ಸಿಟ್ಟು ಬಂದಿತ್ತು.

ಕೊನೆಗೆ ಸಿಕ್ಕ ಅಂಗಡಿಯಲ್ಲಿ ಬಿಳಿ ಟೋಪಿಯ ವಯಸ್ಸಾದ ಸಾಹುಕಾರರು ಕೂತಿದ್ದರು. ಮಸಿ ಕಟ್ಟಿದ ನನ್ನ ಪಿಸ್ಟನ್ನನ್ನು ಕೈಯಲ್ಲಿ ತಿರುಗಿಸಿದೊಡನೆ ಗುರುತು ಹಿಡಿದರು.

"ಈ ಕಂಪನಿ ಮುಚ್ಚಿ ಭಾಳ ದಿನ ಆತ್ರಿ. ಇದರದ್ದು ಎರಡೇ ಸೆಟ್ ಉಳಿದಾವೆ. ನಲವತ್ತು ಬೇಕಾ, ಸ್ಟ್ಯಾಂಡರ್ಡ್ ಬೇಕಾ?"

ನಲವತ್ತು ಎಂದರೆ ನಲವತ್ತು ರೂಪಾಯಿಯ ಅಗ್ಗದ ಮಾಲು ಎಂದುಕೊಂಡೆ. ಸ್ಟ್ಯಾಂಡರ್ಡ್ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ? "ನಲವತ್ತರದು ನಮಗೆ ಬೇಡ. ಸ್ಟ್ಯಾಂಡರ್ಡೇ ಕೊಡಿ," ಎಂದೆ.

"ಮಸಿ ಕೆರೆದು ನಂಬರ್ ನೋಡ್ಲೇನ್ರಿ?"

"ಬೇಡ."

"ತಿಳಿದೋರಿದೀರಿ," ಎಂದು ಕಟ್ಟಿಕೊಟ್ಟರು. ಆ ಮಾತಿಗೆ ಉಬ್ಬಿ ಛತ್ರಕ್ಕೆ ಹೋಗಿ ಸುಖವಾಗಿ ಮಲಗಿದೆ.

ಮರುದಿನ ಬೆಳಿಗ್ಗೆ ಹರಿಹರಕ್ಕೆ ಮರಳಿ, ಗುತ್ತೂರಿಗೆ ನಡೆದೆ. ಖಾದರ್ ಸಾಬ್ ಮೇಸ್ತ್ರಿಯ ತಗಡಿನ ಶೆಡ್ಡಿನಲ್ಲಿ ನಮ್ಮ ಎಂಜಿನ್ನು ತೊಳೆಸಿಕೊಂಡು ಕೂತಿತ್ತು. ಅವರು ಪೊಟ್ಟಣ ಬಿಚ್ಚಿ, ಹೊಸ ಪಿಸ್ಟನ್ನನ್ನು ಸಿಲಿಂಡರಿಗೆ ಇಳಿಬಿಟ್ಟರು. ಅದು ಒಳಗೆ ಲೊಡಲೊಡ ಆಡಿತು. ಮೇಸ್ತ್ರಿ ನನ್ನ ಹಳೇ ಪಿಸ್ಟನ್ನಿನ ನೆತ್ತಿಯ ಮಸಿಯನ್ನು ಚಾಕುವಿನಲ್ಲಿ ಕೆರೆದರು. ಕೆಳಗೆ ನಲವತ್ತು ಎಂದು ಕೊರೆದಿತ್ತು.

"ನಿಮ್ಮ ಸಿಲಿಂಡರನ್ನ ಹಿಂದೆ ಯಾರೋ ಕೊರೆದು ದೊಡ್ಡದು ಮಾಡ್ಯಾರ್ರಿ. ಅದಕ್ಕೆ ದೊಡ್ಡ ಪಿಸ್ಟನ್ನೇ ಬೇಕು. ಅದರ ಅಳತೆಗೆ ನಲವತ್ತು ಅಂತೀವಿ. ಇದು ಸ್ಟ್ಯಾಂಡರ್ಡ್, ಕಂಪನಿಯಿಂದ ಬಂದಾಗಿನ ಅಳತೆ."

"ಸ್ಟ್ಯಾಂಡರ್ಡ್ ಅಂದರೆ ಒಳ್ಳೇ ಮಾಲು ಅಲ್ಲವೇ?"

"ಮಾಲು ಒಳ್ಳೇದೇ ಐತಿ. ಅಳತೆ ನಿಮ್ಮದಲ್ಲ."

ಸಿಲಿಂಡರಿಗೆ ಒಳಗೊಂದು ಕೊಳವೆ ಕೂರಿಸಿ ಕಿರಿದು ಮಾಡಬಹುದೇ ಎಂದು ಕೇಳಿದೆ. ಗೋಡೆ ತೆಳ್ಳಗಾಗಿದೆ, ಇನ್ನು ಮುಟ್ಟಿದರೆ ಒಡೆಯುತ್ತದೆ ಎಂದರು. "ನಲವತ್ತರದು ಸಿಕ್ರೆ ನಾಳೆನೇ ಕೂಡ್ಸಿ ಕೊಡ್ತೀನಿ. ಬೇಗ ಹೋಗ್ರಿ."

ಸ್ಟೇಷನ್ನಿಗೆ ಓಡಿದೆ. ರೈಲು ಹೋಗಿ ಅರ್ಧ ಗಂಟೆಯಾಗಿತ್ತು. ಹತ್ತಿಯ ಲಾರಿಯೊಂದನ್ನು ಹತ್ತಿ ದಾವಣಗೆರೆ ಮುಟ್ಟುವಾಗ ಎರಡು ಗಂಟೆ. ಅಂಗಡಿಯ ಕಪಾಟಿನಲ್ಲಿ ನಿನ್ನೆ ಎರಡು ಪೊಟ್ಟಣವಿದ್ದ ಜಾಗ ಬರಿದಾಗಿತ್ತು.

"ಬೆಳಿಗ್ಗೆನೇ ಚಿತ್ರದುರ್ಗದ ಕಡೆಯೋರು ಒಯ್ದ್ರು," ಎಂದರು ಸಾಹುಕಾರರು. ಯಾರೆಂದು ಅವರಿಗೂ ಗೊತ್ತಿರಲಿಲ್ಲ. ಸ್ಟ್ಯಾಂಡರ್ಡ್ ಸೆಟ್ಟನ್ನು ತಕರಾರಿಲ್ಲದೆ ಹಿಂದಕ್ಕೆ ತೆಗೆದುಕೊಂಡರು. ಬೊಂಬಾಯಿಗೆ ಒಂದು ಕಾಗದ ಬರೆಯುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಉಳಿದ ಅಂಗಡಿಗಳನ್ನೆಲ್ಲ ಮತ್ತೊಮ್ಮೆ ಸುತ್ತಿದೆ, ನಿಟ್ಟುವಳ್ಳಿಯ ಗುಜರಿಯವನನ್ನೂ ಬಿಡಲಿಲ್ಲ. ನಲವತ್ತು ಎಂದು ಈಗ ನಾನೇ ಕೇಳುತ್ತಿದ್ದೆ. ಎಲ್ಲೂ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಊರು ಸೇರಿದೆ. ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ನನ್ನ ಚೀಲದ ಭಾರವನ್ನು ಕಣ್ಣಲ್ಲೇ ಅಳೆದ.

"ನಲವತ್ತರದು ಸಿಗಲಿಲ್ಲಣ್ಣ. ಮೊದಲು ಕೊಂಡದ್ದು ಅಳತೆಗೆ ಕೂಡಲಿಲ್ಲ," ಎಂದೆ.

ಅವನು ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿದ. ಆಮೇಲೆ, "ನಾನು ಮೊದ್ಲೇ ನಲವತ್ತು ಅಂತ ಹೇಳಿ ಕಳಿಸ್ಬೇಕಿತ್ತು. ಮರ್ತೆ. ತಪ್ಪು ನಂದೇ ಬಿಡು," ಎಂದ.

ಅಂಗಡಿಯವರು ಎರಡನ್ನೂ ಇಟ್ಟುಕೊಂಡು ನನ್ನನ್ನೇ ಕೇಳಿದ್ದರು ಎಂಬ ಮಾತು ಬಾಯಿಯವರೆಗೆ ಬಂತು. ಹೇಳಲಿಲ್ಲ. ಅವಮಾನಕ್ಕೆ ಹೆದರಿದೆ, ಅಷ್ಟೇ.

ವಾರದೊಳಗೆ ಮಳೆ ಬಿತ್ತು. ಬಾಡಿಗೆ ಎತ್ತು ಕಟ್ಟಿ ನಾನೇ ಉತ್ತೆ. ಅಣ್ಣ ಎರಡು ದಿನ ಬದುವಿನ ಮೇಲೆ ಬಂದು ಕೂತ, ಮೂರನೆಯ ದಿನ ಬರಲಿಲ್ಲ. ಬೊಂಬಾಯಿಯಿಂದ ಉತ್ತರವೂ ಬರಲಿಲ್ಲ. ಈಗಲೂ ಮನೆಗೆ ಯಾರಾದರೂ ಬಂದು ಟ್ರ್ಯಾಕ್ಟರಿನ ಮಾತೆತ್ತಿದರೆ ಅಣ್ಣ, "ತಮ್ಮ ಪಾಪ ಮೂರು ದಿನ ಅಲೆದ. ನಾನೇ ಅಳತೆ ಹೇಳ್ಲಿಲ್ಲ," ಎನ್ನುತ್ತಾನೆ. ನಾನು ಎದ್ದು ಒಳಗೆ ಹೋಗುತ್ತೇನೆ.